ಝೆಲ್ಡಾ ಗೇಮ್‌ನ ಗಿರಾಹಿಮ್ ಎರಡು ಬೆರಳಲ್ಲಿ ಕತ್ತಿ ಹಿಡಿದುಬಿಡುತ್ತಾನೆ! ಕೈ ಬೀಸಿ ಆಡುವವರು ಸ್ವಲ್ಪ ಹೇಳಿಕೊಡಿ

ಗವಿಪುರದ ಅಮ್ಮ

ಎಲ್ಲರಿಗೂ ನಮಸ್ಕಾರ. ಇಲ್ಲಿ ಮೊದಲ ಸಲ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗಬಹುದು, ದಯವಿಟ್ಟು ಓದಿ.

ದುಬೈನಲ್ಲಿರುವ ನನ್ನ ತಮ್ಮ ಯುಗಾದಿಗೆ ಬಂದಾಗ ಮಗಳಿಗೆ ಅಂತ ಒಂದು ನಿಂಟೆಂಡೊ ಸ್ವಿಚ್ ಗೇಮ್ ಕನ್ಸೋಲ್ ತಂದುಕೊಟ್ಟ. ಜೊತೆಗೆ ಒಂದೇ ಗೇಮ್, ಝೆಲ್ಡಾ ಸರಣಿಯ ಸ್ಕೈವರ್ಡ್ ಸ್ವೋರ್ಡ್ ಎಚ್‌ಡಿ. ಮಗಳು ಐದನೇ ಕ್ಲಾಸು. ಅವಳು ಆಡಲಿ, ನಾನು ಪಕ್ಕದಲ್ಲಿ ಕೂತು ನೋಡೋಣ ಅಂದುಕೊಂಡಿದ್ದೆ. ಒಂದು ವಾರದಲ್ಲಿ ನಾನೇ ಎದ್ದು ನಿಂತು ಆಡುತ್ತಿದ್ದೆ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಇದರಲ್ಲಿ ಎರಡು ಕೈಗೂ ಜಾಯ್‌ಕಾನ್ ಅನ್ನೋ ಒಂದೊಂದು ಸಣ್ಣ ಕಂಟ್ರೋಲರ್. ಬಲಗೈಯ ಜಾಯ್‌ಕಾನ್ ಕತ್ತಿ, ಎಡಗೈಯದು ಗುರಾಣಿ. ನಾವು ಮೇಲಿಂದ ಕೆಳಗೆ ಬೀಸಿದರೆ ಗೇಮ್‌ನ ನಾಯಕ ಲಿಂಕ್ ಕೂಡ ಮೇಲಿಂದ ಕೆಳಗೆ ಕಡಿಯುತ್ತಾನೆ. ಅಡ್ಡ ಬೀಸಿದರೆ ಅಡ್ಡ. ಡೆಕು ಬಾಬಾ ಅಂತ ಒಂದು ಗಿಡ ಬರುತ್ತದೆ. ಅದು ಬಾಯಿ ಅಡ್ಡಕ್ಕೆ ತೆರೆದಾಗ ಅಡ್ಡಕ್ಕೇ ಕಡಿಯಬೇಕು, ಉದ್ದಕ್ಕೆ ತೆರೆದಾಗ ಉದ್ದಕ್ಕೆ. ಮೊದಲ ಗುಡಿಯ ಬಾಗಿಲ ಮೇಲೆ ಒಂದು ದೊಡ್ಡ ಕಣ್ಣು ಇದೆ. ಕತ್ತಿಯ ತುದಿ ಎಲ್ಲಿ ಹೋದರೂ ಅದು ಅಲ್ಲೇ ನೋಡುತ್ತದೆ. ಕತ್ತಿಯನ್ನು ಗುಂಡಗೆ ತಿರುಗಿಸುತ್ತಾ ಹೋದರೆ ಕಣ್ಣಿಗೆ ತಲೆಸುತ್ತು ಬಂದು ಬಿದ್ದುಹೋಗುತ್ತದೆ. ಅದನ್ನು ನೋಡಿ ಮಗಳು ಕೇಕೆ ಹಾಕಿ ನಕ್ಕಳು. ನಮ್ಮಪ್ಪ ಪೇಪರ್ ಪಕ್ಕಕ್ಕಿಟ್ಟು "ಇನ್ನೊಂದ್ಸಲ ತಿರುಗಿಸು ಪುಟ್ಟ" ಅಂದರು.

ಇಲ್ಲಿಯವರೆಗೆ ಚೆನ್ನಾಗಿತ್ತು. ಗುಡಿಯ ಕೊನೆಯಲ್ಲಿ ಗಿರಾಹಿಮ್ ಅನ್ನೋ ಖಳನಾಯಕ ಬಂದ. ಬಿಳಿ ಕೂದಲು, ಕೈಯಲ್ಲಿ ಕತ್ತಿ ಕೂಡ ಇಲ್ಲ. ಒಂದು ಕೈ ಮುಂದೆ ಮಾಡಿ ನಿಧಾನವಾಗಿ ನಡೆದು ಬರುತ್ತಾನೆ. ನಾನು ಎಷ್ಟೇ ಜೋರಾಗಿ ಬೀಸಿದರೂ ಎರಡು ಬೆರಳಲ್ಲಿ ಕತ್ತಿ ಹಿಡಿದುಬಿಡುತ್ತಾನೆ. ಒಂದೊಂದು ಸಲ ಕಿತ್ತುಕೊಂಡು ನನ್ನ ಮೇಲೇ ಎಸೆಯುತ್ತಾನೆ. ನಾಲ್ಕು ದಿನ ಆಯಿತು. ಭುಜ ನೋಯುತ್ತಿದೆ.

ನನಗೆ ಅನ್ನಿಸಿದ್ದು ಇದು. ನಾನು ಬಲದಿಂದ ಎಡಕ್ಕೆ ಬೀಸಿದಾಗ ಲಿಂಕ್ ಒಮ್ಮೊಮ್ಮೆ ಎಡದಿಂದ ಬಲಕ್ಕೆ ಬೀಸುತ್ತಾನೆ. ಪೂರ್ತಿ ಉಲ್ಟಾ. ಇದು ಕಂಟ್ರೋಲರ್ ತಪ್ಪಾ, ನನ್ನ ಕೈ ತಪ್ಪಾ? ಬಟನ್‌ನಲ್ಲಿ ಆಡುವ ವ್ಯವಸ್ಥೆ ಕೂಡ ಇದೆಯಂತೆ. ಅದಕ್ಕೆ ಬದಲಾಯಿಸೋಣ ಅಂದರೆ ಮಗಳು "ಆಗ ಅದು ಕತ್ತಿ ಅಲ್ಲಮ್ಮ" ಅನ್ನುತ್ತಾಳೆ. ಏನು ಮಾಡಲಿ?

ಮಾಗಡಿ ರೋಡ್ ಗೇಮರ್

ಅಕ್ಕ, ಮೊದಲು ಒಂದು ಮಾತು. ಕಂಟ್ರೋಲರ್ ಜಾರದಂತೆ ಮಣಿಕಟ್ಟಿಗೆ ಹಾಕುವ ಕೈಪಟ್ಟಿ ಹಾಕಿಕೊಳ್ಳುತ್ತಿದ್ದೀರಾ? ಮಗುವಿಗೂ ಹಾಕಿಸಿ. ಹಾಲ್‌ನಲ್ಲಿ ಫ್ಯಾನ್ ಎಷ್ಟು ಎತ್ತರದಲ್ಲಿದೆ ನೋಡಿಕೊಳ್ಳಿ.

ನಾನು ಪಿಯುಸಿಯಲ್ಲಿದ್ದಾಗ ನಿಂಟೆಂಡೊದ ಹಳೇ ಕನ್ಸೋಲ್ ವೀ ಆಡುತ್ತಿದ್ದೆ. ಬೇಸಿಗೆ, ಕೈಯೆಲ್ಲಾ ಬೆವರು, ಪಟ್ಟಿ ಹಾಕಿರಲಿಲ್ಲ. ರಿಮೋಟ್ ಕೈಯಿಂದ ಜಾರಿ ಷೋಕೇಸ್ ಗಾಜಿಗೆ ಹೋಯಿತು. ಒಳಗೆ ಅಮ್ಮನ ಚನ್ನಪಟ್ಟಣದ ಗೊಂಬೆಗಳಿದ್ದವು. ಗೊಂಬೆ ಉಳಿದವು, ಗಾಜು ಉಳಿಯಲಿಲ್ಲ. ಅವತ್ತಿನಿಂದ ಪಟ್ಟಿ ಇಲ್ಲದೆ ಆಡಿಲ್ಲ.

ಪ್ರಪಂಚದಲ್ಲೆಲ್ಲಾ ಇದೇ ಕತೆ ಆಗಿತ್ತು. ವೀ ಬಂದಿದ್ದು 2006ರ ನವೆಂಬರ್‌ನಲ್ಲಿ. ಡಿಸೆಂಬರ್‌ನಲ್ಲೇ ನಿಂಟೆಂಡೊ ದಪ್ಪ ಪಟ್ಟಿ ಮಾಡಿ ಹಳೇದನ್ನು ಬದಲಾಯಿಸಿಕೊಟ್ಟಿತು. ಮುಂದಿನ ವರ್ಷ ರಿಮೋಟ್‌ಗೆ ರಬ್ಬರಿನಂಥ ಮೆತ್ತನೆ ಕವಚವನ್ನೂ ಕೊಟ್ಟಿತು.

ವೈಟ್‌ಫೀಲ್ಡ್ ಸೆನ್ಸರ್

ನಾನು ಕೆಲಸದಲ್ಲಿ ದಿನಾ ಇದೇ ಸೆನ್ಸರ್‌ಗಳ ಜೊತೆ ಇರುತ್ತೇನೆ. ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮೇಡಂ ಕೇಳಿದ ಪ್ರಶ್ನೆಗೆ ಇದು ಅರ್ಧ ಉತ್ತರ.

2006ರ ವೀ ರಿಮೋಟ್ ಒಳಗೆ ಇದ್ದಿದ್ದು ಅಕ್ಸೆಲೆರೋಮೀಟರ್. ವೇಗ ಎಷ್ಟು ಏರಿತು, ಎಷ್ಟು ಇಳಿಯಿತು ಅನ್ನೋದನ್ನು ಅದು ಅಳೆಯುತ್ತದೆ. ಅದರ ಮಿತಿ ಗುರುತ್ವದ ಸುಮಾರು 3 ಪಟ್ಟು. ಜೋರಾಗಿ ಕೈ ಬೀಸಿದರೆ ಆ ಮಿತಿ ಸುಲಭವಾಗಿ ದಾಟುತ್ತದೆ. ಮುಂದೆ ಟಿವಿ ಕಡೆ ಗುರಿ ಹಿಡಿಯಲು ಒಂದು ಇನ್‌ಫ್ರಾರೆಡ್ ಕ್ಯಾಮೆರಾ ಇತ್ತು. ಬೀಸುವಾಗ ಅದು ಟಿವಿ ಕಡೆ ನೋಡುತ್ತಿರುವುದಿಲ್ಲ, ಹಾಗಾಗಿ ಉಪಯೋಗಕ್ಕೆ ಬರುವುದಿಲ್ಲ. ಆದ್ದರಿಂದ ಆಗಿನ ಗೇಮ್‌ಗಳಿಗೆ "ಏನೋ ಜೋರಾಗಿ ಅಲ್ಲಾಡಿತು" ಅಂತ ಗೊತ್ತಾಗುತ್ತಿತ್ತು, "ಕತ್ತಿ ಈಗ ಈ ಕಡೆ ಮುಖ ಮಾಡಿದೆ" ಅಂತ ಗೊತ್ತಾಗುತ್ತಿರಲಿಲ್ಲ. ವೀ ಜೊತೆಗೇ ಬಂದ ರೆಡ್ ಸ್ಟೀಲ್ ಗೇಮ್‌ನಲ್ಲಿ ಕತ್ತಿ ಜಗಳ ಇತ್ತು. ನಾವು ಕೈ ಬೀಸಿದರೆ ಮೊದಲೇ ಮಾಡಿಟ್ಟ ನಾಲ್ಕಾರು ಹೊಡೆತಗಳಲ್ಲಿ ಒಂದು ಆಗುತ್ತಿತ್ತು, ಅಷ್ಟೇ.

2009ರ ಜೂನ್‌ನಲ್ಲಿ ಮೋಷನ್ ಪ್ಲಸ್ ಅಂತ ರಿಮೋಟ್ ಬುಡಕ್ಕೆ ಸಿಕ್ಕಿಸುವ ಸಣ್ಣ ಪೆಟ್ಟಿಗೆ ಬಂತು. ಅದರಲ್ಲಿ ಇದ್ದದ್ದು ಜೈರೋಸ್ಕೋಪ್. ಕೈ ಯಾವ ಕಡೆ ಎಷ್ಟು ಬೇಗ ತಿರುಗುತ್ತಿದೆ ಅನ್ನೋದನ್ನು ಜೈರೋ ಹೇಳುತ್ತದೆ. ವೀ ಸ್ಪೋರ್ಟ್ಸ್ ರೆಸಾರ್ಟ್ ಗೇಮ್‌ನ ಕತ್ತಿಯಾಟ ಇದರ ಮೇಲೇ ನಿಂತಿದ್ದು. ರೆಡ್ ಸ್ಟೀಲ್ 2 ಕೂಡ ಮೋಷನ್ ಪ್ಲಸ್ ಇಲ್ಲದೆ ನಡೆಯುತ್ತಿರಲಿಲ್ಲ. 2011ರಲ್ಲಿ ಬಂದ ಮೂಲ ಸ್ಕೈವರ್ಡ್ ಸ್ವೋರ್ಡ್ ಕೂಡ ಹಾಗೆಯೇ. ನೀವು ಆಡುತ್ತಿರುವುದು 2021ರ ಜುಲೈನಲ್ಲಿ ಸ್ವಿಚ್‌ಗೆ ಬಂದ ಹೊಸ ರೂಪ. ಜಾಯ್‌ಕಾನ್ ಒಳಗೆ ಎರಡೂ ಸೆನ್ಸರ್ ಹುಟ್ಟಾ ಇವೆ.

ಈಗ ತೊಂದರೆ ಎಲ್ಲಿ ಅಂದರೆ, ಜೈರೋ ದಿಕ್ಕನ್ನು ಹೇಳುವುದಿಲ್ಲ, ತಿರುಗಿದ ವೇಗವನ್ನು ಹೇಳುತ್ತದೆ. ದಿಕ್ಕನ್ನು ಕೂಡಿಸಿ ಕೂಡಿಸಿ ಲೆಕ್ಕ ಹಾಕಬೇಕು. ಮೆಜೆಸ್ಟಿಕ್‌ನಲ್ಲಿ ಬಸ್ ಹತ್ತಿ ಕಣ್ಣು ಮುಚ್ಚಿಕೊಳ್ಳಿ. ಒಂದೊಂದು ತಿರುವಿನಲ್ಲೂ "ಈಗ ಇಷ್ಟು ಎಡಕ್ಕೆ, ಈಗ ಇಷ್ಟು ಬಲಕ್ಕೆ" ಅಂತ ಮನಸ್ಸಲ್ಲೇ ಎಣಿಸಿ. ಬನಶಂಕರಿ ಬರುವಷ್ಟರಲ್ಲಿ ಉತ್ತರ ಯಾವ ಕಡೆ ಅಂತ ಕೇಳಿದರೆ ತಪ್ಪು ಕೈ ತೋರಿಸುತ್ತೀರಿ. ಪ್ರತಿ ತಿರುವಿನ ಸಣ್ಣ ತಪ್ಪು ಸೇರುತ್ತಾ ಹೋಗಿರುತ್ತದೆ. ಜೈರೋಗೆ ಆಗುವುದೂ ಇದೇ.

ಕತ್ತಿ ಮೇಲೆ ನೋಡುತ್ತಿದೆಯೋ ಕೆಳಗೆ ನೋಡುತ್ತಿದೆಯೋ ಅನ್ನೋದನ್ನು ಮಾತ್ರ ಸರಿಪಡಿಸಿಕೊಳ್ಳಬಹುದು. ಭೂಮಿ ಯಾವ ಕಡೆ ಎಳೆಯುತ್ತಿದೆ ಅಂತ ಅಕ್ಸೆಲೆರೋಮೀಟರ್‌ಗೆ ಗೊತ್ತಿದೆ, ಗಾರೆಯವರ ತೂಗುಗುಂಡಿನ ಹಾಗೆ. ಆದರೆ ಎಡ ಬಲದ ತಪ್ಪನ್ನು ತೂಗುಗುಂಡು ತಿದ್ದಲಾರದು. ತೂಗುಗುಂಡು ನೇತಾಡುತ್ತಿರುವಾಗ ನೀವು ಸುತ್ತ ತಿರುಗಿದರೂ ಅದು ಹಾಗೇ ನೇತಾಡುತ್ತದೆ, ಅಲ್ವಾ? ಸೋನಿಯವರು 2010ರ ಪ್ಲೇಸ್ಟೇಷನ್ ಮೂವ್‌ನಲ್ಲಿ ದಿಕ್ಸೂಚಿಯಂಥ ಮ್ಯಾಗ್ನೆಟೋಮೀಟರ್ ಇಟ್ಟರು. ತುದಿಯಲ್ಲಿ ಹೊಳೆಯುವ ಚೆಂಡು ಇಟ್ಟು ಕ್ಯಾಮೆರಾದಿಂದ ನೋಡಿದರು. ಜಾಯ್‌ಕಾನ್‌ನಲ್ಲಿ ಅದೆರಡೂ ಇಲ್ಲ.

ಅದಕ್ಕೇ ವೈ ಬಟನ್. ಜಾಯ್‌ಕಾನ್ ಅನ್ನು ನೇರ ಟಿವಿ ಕಡೆ ಹಿಡಿದು ವೈ ಒತ್ತಿ, ಎಲ್ಲ ನಡುವಿಗೆ ಬರುತ್ತದೆ. ಒಂದೊಂದು ಜಗಳಕ್ಕೂ ಮುಂಚೆ ಒತ್ತುವ ಅಭ್ಯಾಸ ಮಾಡಿಕೊಳ್ಳಿ. ಆದರೂ ಸುಮ್ನೆ ಇಟ್ಟಾಗ ಕತ್ತಿ ತಾನಾಗೇ ಸರಿದರೆ ಸ್ವಿಚ್‌ನ ಸಿಸ್ಟಮ್ ಸೆಟ್ಟಿಂಗ್ಸ್‌ಗೆ ಹೋಗಿ. ಅಲ್ಲಿ ಕಂಟ್ರೋಲರ್ಸ್ ಅಂಡ್ ಸೆನ್ಸರ್ಸ್, ಅದರೊಳಗೆ ಕ್ಯಾಲಿಬ್ರೇಟ್ ಮೋಷನ್ ಕಂಟ್ರೋಲ್ಸ್, ಅಂದರೆ ಸೆನ್ಸರ್‌ಗಳನ್ನು ಮತ್ತೆ ಸರಿಹೊಂದಿಸುವುದು. ಜಾಯ್‌ಕಾನ್ ಅನ್ನು ಸಮನಾದ ಜಾಗದಲ್ಲಿ ಅಲ್ಲಾಡದಂತೆ ಇಟ್ಟು ಮಾಡಿ. ದಿವಾನ್ ಮೇಲೆ ಬೇಡ, ಊಟದ ಮೇಜಿನ ಮೇಲೆ ಇಡಿ.

ಗವಿಪುರದ ಅಮ್ಮ

ಸರ್, ಬಸ್ಸಿನ ಉದಾಹರಣೆ ಮಗಳಿಗೂ ಅರ್ಥ ಆಯಿತು. ತುಂಬಾ ಥ್ಯಾಂಕ್ಸ್. ಅಡುಗೆಮನೆ ಕಲ್ಲಿನ ಮೇಲೆ ಇಟ್ಟು ಕ್ಯಾಲಿಬ್ರೇಟ್ ಮಾಡಿದೆವು. ಕತ್ತಿ ಎಡಕ್ಕೆ ಸರಿಯುತ್ತಿದ್ದದ್ದು ನಿಂತಿದೆ. ಕಣ್ಣಿನ ಬಾಗಿಲು ಈಗ ಹತ್ತು ಸೆಕೆಂಡಿನಲ್ಲಿ ಆಗುತ್ತದೆ.

ಆದರೆ ಗಿರಾಹಿಮ್ ಇನ್ನೂ ಹಿಡಿಯುತ್ತಿದ್ದಾನೆ. ಉಲ್ಟಾ ಬೀಸುವುದೂ ನಿಂತಿಲ್ಲ.

ಜಯನಗರ ಫೋರ್ತ್ ಬ್ಲಾಕ್

ಅದು ಇನ್ನರ್ಧ ಉತ್ತರ, ಅದನ್ನು ನಾನು ಹೇಳುತ್ತೇನೆ. 2011ರಿಂದ ಈ ಗೇಮ್ ಆಡುತ್ತಿದ್ದೇನೆ, ಎರಡೂ ರೂಪದಲ್ಲಿ ಮುಗಿಸಿದ್ದೇನೆ. ನನಗೂ ಮೊದಲ ತಿಂಗಳು ಇದೇ ಕಾಟ ಇತ್ತು.

ನೀವು ಬಲದಿಂದ ಎಡಕ್ಕೆ ಹೊಡೆಯಬೇಕು ಅಂದುಕೊಂಡಾಗ ಮೊದಲು ಏನು ಮಾಡುತ್ತೀರಿ? ಕೈಯನ್ನು ಬಲಕ್ಕೆ ಹಿಂದೆ ಎಳೆದುಕೊಳ್ಳುತ್ತೀರಿ. ಎಲ್ಲರೂ ಹಾಗೇ ಮಾಡುವುದು. ಕ್ರಿಕೆಟ್ ಬ್ಯಾಟ್ ಬೀಸಿ ಬೆಳೆದ ಕೈ ನಮ್ಮದು, ಬ್ಯಾಕ್‌ಲಿಫ್ಟ್ ಇಲ್ಲದೆ ಹೊಡೆಯುವುದು ಗೊತ್ತಿಲ್ಲ. ಆದರೆ ಆ ಎಳೆತ ಜೋರಾಗಿದ್ದರೆ ಗೇಮ್ ಅದನ್ನೇ ಹೊಡೆತ ಅಂದುಕೊಳ್ಳುತ್ತದೆ. ನೀವು ಬಲಕ್ಕೆ ಎಳೆದದ್ದು ಅದಕ್ಕೆ ಎಡದಿಂದ ಬಲಕ್ಕೆ ಬೀಸಿದ ಹಾಗೆ. ಲಿಂಕ್ ಉಲ್ಟಾ ಹೊಡೆಯಲಿಲ್ಲ. ನೀವು ಮೊದಲು ಮಾಡಿದ್ದನ್ನೇ ಅವನು ಮಾಡಿದ.

ಈ ಗೇಮ್‌ನಲ್ಲಿ ನಿಧಾನವಾಗಿ ಕೈ ಆಡಿಸಿದರೆ ಕತ್ತಿ ಜಾಗ ಬದಲಾಯಿಸುತ್ತದೆ, ಅಷ್ಟೇ. ಚಟ್ಟನೆ ಆಡಿಸಿದರೆ ಮಾತ್ರ ಹೊಡೆತ. ಇದೊಂದು ತಲೆಗೆ ಹೋದರೆ ಮುಕ್ಕಾಲು ಗೇಮ್ ಗೆದ್ದ ಹಾಗೆ. ಕತ್ತಿಯನ್ನು ಬಲಕ್ಕೆ ಒಯ್ಯಬೇಕಾ? ಹಾಲು ತುಂಬಿದ ಲೋಟ ಒಯ್ಯುವ ಹಾಗೆ ಒಯ್ಯಿರಿ. ಅಲ್ಲಿ ಒಂದು ಕ್ಷಣ ನಿಲ್ಲಿ. ಆಮೇಲೆ ಮಣಿಕಟ್ಟಿನಿಂದ ಚಿಟ್ ಅಂತ ಎಡಕ್ಕೆ. ಭುಜ ಅಲ್ಲಾಡಲೇಬಾರದು. ಒಂದು ಗೇಣು ಆಡಿದರೆ ಸಾಕು.

ಗಿರಾಹಿಮ್ ಈ ಪಾಠ ಕಲಿಸಲಿಕ್ಕೇ ಅಲ್ಲಿ ನಿಂತಿದ್ದಾನೆ. ಅವನ ಕೈ ನೋಡಿ, ನಿಮ್ಮ ಕತ್ತಿಯನ್ನಲ್ಲ. ನಿಮ್ಮ ಕತ್ತಿ ಎಲ್ಲಿದೆಯೋ ಅವನ ಕೈ ಅಲ್ಲಿಗೇ ಬರುತ್ತದೆ. ಕತ್ತಿಯನ್ನು ನಿಧಾನವಾಗಿ ಒಂದು ಪಕ್ಕಕ್ಕೆ ಒಯ್ದು ಹಿಡಿಯಿರಿ, ಅವನ ಕೈ ಅಲ್ಲಿಗೆ ಬರಲಿ. ಬಂದ ತಕ್ಷಣ ಬೇರೆ ಕಡೆಯಿಂದ ಹೊಡೆಯಿರಿ. ಅವನ ಕೈ ಅಷ್ಟು ಬೇಗ ವಾಪಸ್ ಬರುವುದಿಲ್ಲ.

ಅದೇ ಗುಡಿಯಲ್ಲಿ ಮೊದಲು ಸಿಕ್ಕ ಸ್ಟಾಲ್ಫೋಸ್ ಅಸ್ಥಿಪಂಜರ ನೆನಪಿದೆಯಾ? ಅವನು ಕತ್ತಿ ಹೇಗೆ ಹಿಡಿದಿದ್ದಾನೆ ನೋಡಿ, ಖಾಲಿ ಇರುವ ದಾರಿಯಲ್ಲಿ ಕಡಿಯಬೇಕಿತ್ತು. ಜೇಡ ಸ್ಕಲ್ಟುಲಾವನ್ನು ಕೆಳಗಿನಿಂದ ಮೇಲಕ್ಕೆ ಹೊಡೆದು ಮಗುಚಿ ಹೊಟ್ಟೆಗೆ ಚುಚ್ಚಬೇಕಿತ್ತು. ಎಲ್ಲವೂ ಒಂದೇ ಪಾಠ. ಈ ಗೇಮ್‌ನಲ್ಲಿ ಶತ್ರುವೇ ಒಂದು ಒಗಟು. ಜೋರು ಬೇಡ, ದಿಕ್ಕು ಬೇಕು.

ಹಳೇ ಕನ್ಸೋಲ್ ಪ್ರೇಮಿ

ನಾನು ಒಪ್ಪುವುದಿಲ್ಲ. ಬಟನ್ ಒತ್ತಿದರೆ ಆಗುವ ಕೆಲಸಕ್ಕೆ ಕೈ ಬೀಸಿ ಸುಸ್ತಾಗುವುದು ಯಾಕೆ? ವೀನಲ್ಲಿ ಇದೇ ಝೆಲ್ಡಾ ಸರಣಿಯ ಟ್ವೈಲೈಟ್ ಪ್ರಿನ್ಸೆಸ್ ಆಡಿದ್ದೇನೆ. ರಿಮೋಟ್ ಹೇಗೆ ಅಲ್ಲಾಡಿಸಿದರೂ ಅದೇ ಹೊಡೆತ. ಆಡುವವರು ಹೆಚ್ಚಿನವರು ಬಲಗೈಯವರು ಅಂತ ಯಾವಾಗಲೂ ಎಡಗೈಯಲ್ಲಿ ಕತ್ತಿ ಹಿಡಿಯುತ್ತಿದ್ದ ಲಿಂಕ್‌ನನ್ನು ಬಲಗೈಯವನನ್ನಾಗಿ ಮಾಡಿದರು. ಅದಕ್ಕಾಗಿ ಇಡೀ ಗೇಮ್ ಪ್ರಪಂಚವನ್ನೇ ಕನ್ನಡಿಯಲ್ಲಿ ನೋಡಿದ ಹಾಗೆ ಎಡಬಲ ತಿರುಗಿಸಿದರು. ಅಷ್ಟೆಲ್ಲಾ ಮಾಡಿ ಸಿಕ್ಕಿದ್ದೇನು? ಬಟನ್ ಬದಲು ಅಲ್ಲಾಟ.

ಜಯನಗರ ಫೋರ್ತ್ ಬ್ಲಾಕ್

ಸರ್, ಟ್ವೈಲೈಟ್ ಪ್ರಿನ್ಸೆಸ್ ವಿಷಯದಲ್ಲಿ ನೀವು ಹೇಳಿದ್ದು ನಿಜ. ಅಲ್ಲಿ ಅಲ್ಲಾಡಿಸುವುದು ಬಟನ್‌ಗೆ ಬದಲಿ ಅಷ್ಟೇ. ಆದರೆ ಇಲ್ಲಿ ಎಂಟು ದಿಕ್ಕು, ಮೇಲೆ ಒಂದು ಚುಚ್ಚು. ಎದುರಿನವನು ಯಾವ ದಿಕ್ಕು ಬಿಟ್ಟಿದ್ದಾನೆ ಅಂತ ಕಣ್ಣು ನೋಡಿದ ತಕ್ಷಣ ಕೈ ಹೋಗಬೇಕು. ಕಣ್ಣಿಗೂ ಕೈಗೂ ನಡುವೆ "ಯಾವ ಬಟನ್?" ಅನ್ನೋ ಯೋಚನೆಯೇ ಇರುವುದಿಲ್ಲ. ಆ ಸುಖ ಒಂದು ಸಲ ಸಿಕ್ಕರೆ ಗೊತ್ತಾಗುತ್ತದೆ.

ಭುಜ ಹಿಡಿದವರು

ನಾನು ಇನ್ನೊಂದು ಕಡೆಯಿಂದ ಹೇಳಬೇಕು. ನನಗೆ ಎರಡು ವರ್ಷದಿಂದ ಬಲ ಭುಜ ಹಿಡಿದಿದೆ. ಕೈ ಕಿವಿಯ ತನಕ ಎತ್ತುವುದೂ ಕಷ್ಟ. 2011ರದ್ದನ್ನು ಆಡಲು ಆಗುತ್ತಿರಲಿಲ್ಲ, ಅದರಲ್ಲಿ ಬೇರೆ ದಾರಿಯೇ ಇರಲಿಲ್ಲ. ಎಚ್‌ಡಿಯಲ್ಲಿ ಬಟನ್ ವ್ಯವಸ್ಥೆ ಇಟ್ಟುಕೊಂಡರೆ ಕಂಟ್ರೋಲರ್‌ನ ಬಲಗಡೆಯ ಕಡ್ಡಿಯನ್ನು (ಸ್ಟಿಕ್) ಯಾವ ದಿಕ್ಕಿಗೆ ತಳ್ಳಿದರೆ ಆ ದಿಕ್ಕಿಗೆ ಹೊಡೆತ, ಒತ್ತಿದರೆ ಚುಚ್ಚು. ಕ್ಯಾಮೆರಾ ತಿರುಗಿಸಬೇಕಾದರೆ ಎಲ್ ಬಟನ್ ಹಿಡಿದುಕೊಂಡು ಅದೇ ಕಡ್ಡಿ ಆಡಿಸಬೇಕು. ಅದು ಮೊದಲು ಸ್ವಲ್ಪ ತೊಡಕು ಅನ್ನಿಸುತ್ತದೆ.

ಹೀಗಾಗಿ ನಾನೂ ಗಿರಾಹಿಮ್ ಮುಂದೆ ನಿಂತೆ. ಕಡ್ಡಿಯನ್ನು ನಿಧಾನವಾಗಿ ಎಡಕ್ಕೆ ಹಿಡಿದೆ, ಅವನ ಕೈ ಬಂತು, ಬಲದಿಂದ ಹೊಡೆದೆ. ಅದೇ ಒಗಟು, ಅದೇ ಉತ್ತರ. ಹಾಗಾಗಿ ಬಟನ್‌ನಲ್ಲಿ ಆಡುವವರನ್ನು ಕಡಿಮೆ ಅಂತ ಯಾರೂ ಹೇಳಬೇಡಿ. ನೋವು ಇದ್ದರೆ ಅಮ್ಮಾವ್ರೆ, ನಾಲ್ಕು ದಿನ ಕೈಗೆ ರೆಸ್ಟ್ ಕೊಡಿ. ಭುಜ ಒಂದು ಸಲ ಕೆಟ್ಟರೆ ಬೇಗ ಸರಿಹೋಗುವುದಿಲ್ಲ.

ಹಳೇ ಕನ್ಸೋಲ್ ಪ್ರೇಮಿ

ಇದನ್ನು ನಾನು ಯೋಚಿಸಿರಲಿಲ್ಲ. ಎರಡು ದಾರಿ ಇಟ್ಟಿದ್ದು ಒಳ್ಳೆಯದೇ ಆಯಿತು.

ತಿಗಳರಪೇಟೆ ಹುಡುಗ

ಕತ್ತಿ ಅಂದಾಗ ಸುಮ್ಮನಿರಲು ಆಗುವುದಿಲ್ಲ. ನಮ್ಮ ಚಿಕ್ಕಪ್ಪ ಧರ್ಮರಾಯಸ್ವಾಮಿ ಗುಡಿ ಕರಗದಲ್ಲಿ ವೀರಕುಮಾರರು. ಚೈತ್ರದ ಹುಣ್ಣಿಮೆ ರಾತ್ರಿ ಕರಗದ ಜೊತೆ ಕತ್ತಿ ಹಿಡಿದು ನಡೆಯುತ್ತಾರೆ. ಅಲಗು ಸೇವೆ ನೋಡಿದ್ದೀರಾ? ಬರಿ ಎದೆಗೆ ಕತ್ತಿಯ ಅಲಗು ತಾಗಿಸುತ್ತಾ "ಗೋವಿಂದ" ಅನ್ನುತ್ತಾರೆ. ಚಿಕ್ಕವನಿದ್ದಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದೆ.

ಅದು ದೇವರ ಸೇವೆ, ಆಟಕ್ಕೆ ಹೋಲಿಸುತ್ತಿಲ್ಲ. ಆದರೆ ಆ ಕತ್ತಿಯನ್ನು ಹಬ್ಬ ಮುಗಿದ ಮೇಲೆ ಒರೆಸಲು ಕೊಟ್ಟಾಗ ಕೈಯಲ್ಲಿ ಹಿಡಿದಿದ್ದೇನೆ. ಅದರ ತೂಕವೇ ಕೈಗೆ ಪಾಠ ಹೇಳುತ್ತದೆ. ಬೇಕಾಬಿಟ್ಟಿ ಬೀಸಲು ಅದು ಬಿಡುವುದಿಲ್ಲ, ಕೈಯನ್ನು ತನ್ನ ಹಿಂದೆ ಎಳೆದುಕೊಂಡು ಹೋಗುತ್ತದೆ. ಜಾಯ್‌ಕಾನ್ 50 ಗ್ರಾಂ ಹತ್ತಿರ ಇದೆ. ಅದಕ್ಕೇ ನಮ್ಮ ಕೈ ಎಲ್ಲೆಂದರಲ್ಲಿ ಹಾರುತ್ತದೆ. ಕೈಯಲ್ಲಿ ತೂಕ ಇದೆ ಅಂದುಕೊಂಡು ಆಡಿ ಅಕ್ಕ. ತಾನಾಗೇ ನಿಧಾನ ಆಗುತ್ತೀರಿ.

ಬೆಳ್ಳಂದೂರು ವಿಆರ್

ತೂಕದ ಮಾತು ಬಂದಿದ್ದು ಒಳ್ಳೆಯದಾಯಿತು. ಈ ಬಗೆಯ ಆಟಗಳೆಲ್ಲಾ ಎಡವುವ ಕಲ್ಲು ಅದೇ. ನೀವು ಬೀಸಿದ ಕತ್ತಿ ಎದುರಿನವನ ಗುರಾಣಿಗೆ ತಗುಲಿ ನಿಂತಿತು ಅಂದುಕೊಳ್ಳಿ. ಟಿವಿಯಲ್ಲಿ ಕತ್ತಿ ನಿಂತಿದೆ, ನಿಮ್ಮ ಕೈ ನಿಂತಿಲ್ಲ. ಗಾಳಿಯಲ್ಲಿ ಮುಂದೆ ಹೋಗಿಬಿಟ್ಟಿದೆ. ಅಲ್ಲಿಂದ ಕೈ ಬೇರೆ, ಕತ್ತಿ ಬೇರೆ. ಕೈಯನ್ನು ತಡೆಯಲು ಕಂಟ್ರೋಲರ್‌ಗೆ ಆಗುವುದಿಲ್ಲ, ಗುಂಯ್ ಅಂತ ಅದುರುವುದು ಮಾತ್ರ ಸಾಧ್ಯ.

ಒಂದೊಂದು ಗೇಮ್ ಇದಕ್ಕೆ ಒಂದೊಂದು ದಾರಿ ಹುಡುಕಿದೆ. ಕಣ್ಣಿಗೆ ಹೆಡ್‌ಸೆಟ್ ಹಾಕಿ ಆಡುವ ವಿಆರ್ ಗೇಮ್ ಬ್ಲೇಡ್ ಅಂಡ್ ಸಾರ್ಸರಿಯಲ್ಲಿ ಭಾರದ ಆಯುಧ ಹಿಡಿದರೆ ಅದು ನಿಮ್ಮ ಕೈಗಿಂತ ಹಿಂದೆ ಉಳಿದು ನಿಧಾನವಾಗಿ ಬರುತ್ತದೆ. ಕಣ್ಣು ನೋಡಿ ಕೈಯೇ ನಿಧಾನ ಆಗುತ್ತದೆ, ತೂಕ ಇದ್ದ ಹಾಗೇ ಅನ್ನಿಸುತ್ತದೆ. 2018ರಲ್ಲಿ ಬಂದ ಇನ್ನೊಂದು ವಿಆರ್ ಗೇಮ್ ಬೀಟ್ ಸೇಬರ್ ಇನ್ನೂ ಜಾಣ. ಅಲ್ಲಿ ಕತ್ತಿಯನ್ನು ಯಾವುದೂ ತಡೆಯುವುದೇ ಇಲ್ಲ, ಸಂಗೀತದ ತಾಳಕ್ಕೆ ಬರುವ ಡಬ್ಬಗಳನ್ನೆಲ್ಲಾ ಬೆಣ್ಣೆಯ ಹಾಗೆ ಸೀಳಿಕೊಂಡು ಹೋಗುತ್ತದೆ. ತಡೆಯೇ ಇಲ್ಲದ ಮೇಲೆ ಕೈ ತಪ್ಪುವ ಮಾತೂ ಇಲ್ಲ.

ಇನ್ನೊಂದು ಸ್ವಾರಸ್ಯ ಇದೆ. ಬೀಟ್ ಸೇಬರ್‌ನಲ್ಲಿ ಒಂದು ಡಬ್ಬಕ್ಕೆ ಹೆಚ್ಚೆಂದರೆ 115 ಅಂಕ. ಅದರಲ್ಲಿ 70 ಅಂಕ ಕಡಿಯುವ ಮುಂಚೆ ಎಷ್ಟು ಅಗಲವಾಗಿ ಬೀಸಿದ್ದೀರಿ ಅನ್ನೋದಕ್ಕೆ, 30 ಕಡಿದ ಮೇಲೆ ಎಷ್ಟು ಮುಂದೆ ಹೋಗಿದ್ದೀರಿ ಅನ್ನೋದಕ್ಕೆ. ಸರಿಯಾಗಿ ನಡುವೆ ಕಡಿದರೆ 15. ಅಂದರೆ ಅಲ್ಲಿ ದೊಡ್ಡದಾಗಿ ಕೈ ಎಳೆದು ಬೀಸಿದವರಿಗೇ ಬಹುಮಾನ. ಜಯನಗರದವರು ಝೆಲ್ಡಾದಲ್ಲಿ ಹೇಳಿದ್ದಕ್ಕೆ ಸರಿಯಾಗಿ ಉಲ್ಟಾ. ನಾನು ಬೀಟ್ ಸೇಬರ್ ಆಡಿ ಆಡಿ ಆಮೇಲೆ ಸ್ಕೈವರ್ಡ್ ಸ್ವೋರ್ಡ್ ಶುರು ಮಾಡಿ ಒದ್ದಾಡಿದ್ದು ಇದಕ್ಕೇ ಅಂತ ಇವತ್ತು ಗೊತ್ತಾಯಿತು.

ಮಗಳಿಗೆ ಕೈ ಪಳಗಬೇಕಾದರೆ ಸ್ವಿಚ್ ಸ್ಪೋರ್ಟ್ಸ್ ಗೇಮ್‌ನ ಚಂಬಾರಾ ಅನ್ನೋ ಕತ್ತಿಯಾಟ ಸಿಕ್ಕರೆ ಆಡಿಸಿ. ಎದುರಿನವನು ಬೀಸಿದ ದಿಕ್ಕಿಗೆ ಅಡ್ಡಲಾಗಿ ಕತ್ತಿ ಹಿಡಿದು ತಡೆದರೆ ಅವನು ಒಂದು ಕ್ಷಣ ತತ್ತರಿಸುತ್ತಾನೆ, ಆಗ ಹೊಡೆಯಬೇಕು. ಕಾಯುವುದನ್ನು ಕಲಿಸುವ ಆಟ ಅದು. ಸೋತವರು ನೀರಿಗೆ ಬೀಳುತ್ತಾರೆ, ಮಕ್ಕಳಿಗೆ ಖುಷಿ.

ಗವಿಪುರದ ಅಮ್ಮ

ಎಲ್ಲರಿಗೂ ಉತ್ತರ ಬರೆಯಲು ಐದು ದಿನ ತಡ ಆಯಿತು. ಭುಜದ ಮಾತು ಕೇಳಿ ನಿಜವಾಗಲೂ ಮೂರು ದಿನ ಆಡಲಿಲ್ಲ. ಆಮೇಲೆ ಶನಿವಾರ ಸಾಯಂಕಾಲ ಶುರು ಮಾಡಿದೆವು. ಏನೇನಾಯಿತು ಹೇಳುತ್ತೇನೆ.

ಮಗಳು ಆಡುತ್ತಿದ್ದಳು. ಟೀಪಾಯಿ ಅಡುಗೆಮನೆಗೆ, ಫ್ಯಾನ್ ಆಫ್, ಪಟ್ಟಿ ಕೈಗೆ. ಎರಡು ಸಲ ಸೋತಳು. ನಮ್ಮಪ್ಪ ಕುರ್ಚಿಯಲ್ಲಿ ಕೂತು ನೋಡುತ್ತಲೇ ಇದ್ದರು. ಮೂರನೇ ಸಲ ಶುರು ಆಗುವ ಮುಂಚೆ ಎದ್ದು ಒಳಗೆ ಹೋಗಿ ಚಪಾತಿ ಲಟ್ಟಣಿಗೆ ತಗೊಂಡು ಬಂದರು.

ಅಪ್ಪನಿಗೆ ಈಗ 74. ಹುಡುಗನಾಗಿದ್ದಾಗ ಪೇಟೆಯ ಗರಡಿಮನೆಗೆ ಹೋಗುತ್ತಿದ್ದರು ಅಂತ ಗೊತ್ತಿತ್ತು. ಸಾಮು ಮಾಡಿದ್ದು, ಕುಸ್ತಿ ಆಡಿದ್ದು ಹೇಳುತ್ತಿದ್ದರು. ದೊಣ್ಣೆವರಸೆ ಕಲಿತಿದ್ದರು ಅಂತ ನನಗೆ ಗೊತ್ತಿರಲೇ ಇಲ್ಲ. ಯಾವತ್ತೂ ಹೇಳಿಲ್ಲ.

ಹಾಲ್ ನಡುವೆ ನಿಂತರು. ಬಲಗಾಲು ಅರ್ಧ ಹೆಜ್ಜೆ ಮುಂದೆ, ಮಂಡಿ ಸ್ವಲ್ಪ ಬಗ್ಗಿಸಿ. ಲಟ್ಟಣಿಗೆ ಎದೆಯ ಮುಂದೆ. ನಾನು ಚಿಕ್ಕಂದಿನಿಂದ ನೋಡಿದ ಅಪ್ಪ, ಬ್ಯಾಂಕ್ ಕೆಲಸ ಮಾಡಿ ನಿವೃತ್ತರಾದವರು. ಅವರು ಹಾಗೆ ನಿಂತದ್ದನ್ನು ನಾನು ನೋಡೇ ಇರಲಿಲ್ಲ.

"ನೋಡು ಪುಟ್ಟ," ಅಂದರು. "ನೀನು ಕೈ ಹಿಂದಕ್ಕೆ ಎಳೀತೀಯಲ್ಲ, ಆಗಲೇ ಅವನಿಗೆ ಹೇಳಿಬಿಟ್ಟೆ. ಇಲ್ಲಿಂದ ಬರ್ತೀನಿ, ಹಿಡ್ಕೋ ಅಂತ. ನಮ್ಮ ಉಸ್ತಾದರು ಹಿಂದಕ್ಕೆ ಎಳೆದ್ರೆ ಮಣಿಕಟ್ಟಿಗೆ ಒಂದು ಕೊಡ್ತಿದ್ರು."

ಆಮೇಲೆ ತೋರಿಸಿದರು. ಲಟ್ಟಣಿಗೆ ಎದೆಯ ಮುಂದೆ ಇದ್ದದ್ದು ಇದ್ದ ಹಾಗೇ ಇತ್ತು. ಚಿಟ್ ಅಂತ ತುದಿ ಎಡಕ್ಕೆ ಹೋಗಿ ವಾಪಸ್ ಎದೆ ಮುಂದೆ ಬಂತು. ಮೊಣಕೈ ಪಕ್ಕೆಗೆ ಅಂಟಿದ ಹಾಗೆ ಇತ್ತು. "ಹೊಡೆದ ಮೇಲೆ ಮನೆಗೆ ಬಾ. ಇದು ಮನೆ," ಅಂತ ಎದೆ ಮುಟ್ಟಿಕೊಂಡರು. "ಮನೆಯಿಂದ ಹೋಗಬೇಕು, ಮನೆಗೇ ಬರಬೇಕು. ಹೋದಲ್ಲೇ ನಿಂತುಬಿಟ್ರೆ ಎರಡನೇ ಏಟು ಎಲ್ಲಿಂದ ಹೊಡೀತೀಯ?"

ಜಯನಗರದವರು ಬರೆದದ್ದನ್ನು ಅಪ್ಪ ಓದಿಲ್ಲ. ಸೆನ್ಸರ್ ಬಗ್ಗೆ ಅವರಿಗೆ ಏನೂ ಗೊತ್ತಿಲ್ಲ. ಆದರೂ ಇಬ್ಬರೂ ಹೇಳಿದ್ದು ಒಂದೇ! ನನಗೆ ಮೈ ಜುಮ್ ಅಂದಿತು. ಎದುರಿನವನು ಮನುಷ್ಯನಾಗಲಿ, ಗೇಮ್ ಆಗಲಿ, ಓದುವುದು ಕೈಯ ಮೊದಲ ಆಟವನ್ನೇ.

ಅರ್ಧ ಗಂಟೆ ಗೇಮ್ ನಿಲ್ಲಿಸಿ ತಾತ ಮೊಮ್ಮಗಳು ಅಭ್ಯಾಸ ಮಾಡಿದರು. ಅವಳ ಮೊಣಕೈಗೂ ಪಕ್ಕೆಗೂ ನಡುವೆ ಒಂದು ಕರ್ಚೀಫ್ ಇಟ್ಟು ಬೀಳದಂತೆ ಹೊಡೆ ಅಂದರು. ಮೊದಲು ಪ್ರತಿ ಸಲವೂ ಬೀಳುತ್ತಿತ್ತು. ಆಮೇಲೆ ನಿಂತಿತು.

ಮತ್ತೆ ಗಿರಾಹಿಮ್ ಬಂದ. ಮಗಳು ವೈ ಒತ್ತಿದಳು. ಕತ್ತಿಯನ್ನು ನಿಧಾನವಾಗಿ, ತುಂಬಾ ನಿಧಾನವಾಗಿ ಮೇಲೆ ಬಲಕ್ಕೆ ಒಯ್ದಳು. ಅವನ ಬೆರಳುಗಳು ಅಲ್ಲಿಗೆ ಬಂದವು. ಹಾಲ್‌ನಲ್ಲಿ ಯಾರೂ ಉಸಿರು ಬಿಡಲಿಲ್ಲ. ಚಿಟ್ ಅಂತ ಎಡದಿಂದ ಹೊಡೆದಳು, ತಗುಲಿತು! ಅವಳು ಕುಣಿಯಲು ಹೋದಳು. ಅಪ್ಪ "ಮನೆ, ಮನೆ!" ಅಂದರು. ಕೈ ವಾಪಸ್ ಎದೆ ಮುಂದೆ ಬಂತು. ಇನ್ನೂ ಎರಡು ಏಟು ತಗುಲಿದವು.

ಆಮೇಲೆ ಅವನೂ ಕತ್ತಿ ತೆಗೆದ. ಸಾಲಾಗಿ ಸಣ್ಣ ಚೂರಿಗಳನ್ನು ಎಸೆಯುತ್ತಾನೆ. ಆ ಸಾಲು ಅಡ್ಡ ಇದ್ದರೆ ಅಡ್ಡ, ಉದ್ದ ಇದ್ದರೆ ಉದ್ದ ಬೀಸಿದರೆ ವಾಪಸ್ ಹೋಗುತ್ತವೆ. ಡೆಕು ಬಾಬಾ ಹತ್ತಿರ ಕಲಿತದ್ದೇ ಇಲ್ಲಿ ಕೆಲಸಕ್ಕೆ ಬಂತು. ನಡುವೆ ಅವಳ ಮರದ ಗುರಾಣಿ ಒಡೆದುಹೋಯಿತು, ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಗುರಾಣಿ ಇಲ್ಲದೇ ಮುಗಿಸಿದಳು. ಗೆದ್ದ ಮೇಲೆ ಕೂಗಾಡಲಿಲ್ಲ. ಹೋಗಿ ತಾತನ ಪಕ್ಕ ಕೂತು ಬಿಟ್ಟಳು.

ಭಾನುವಾರ ನಾನೂ ನನ್ನ ಫೈಲ್‌ನಲ್ಲಿ ಗೆದ್ದೆ. ಕರ್ಚೀಫ್ ಇಟ್ಟುಕೊಂಡೇ ಆಡಿದೆ. ಭುಜ ಒಂದು ಚೂರೂ ನೋಯಲಿಲ್ಲ.

ವೈಟ್‌ಫೀಲ್ಡ್ ಸರ್, ಜಯನಗರದವರೇ, ತಿಗಳರಪೇಟೆ ತಮ್ಮ, ಎಲ್ಲರಿಗೂ ಥ್ಯಾಂಕ್ಸ್. ಅಪ್ಪನಿಗೆ ನಿಮ್ಮ ಮಾತೆಲ್ಲಾ ಓದಿ ಹೇಳಿದೆ. ಅಲಗು ಸೇವೆ ಅಂದಾಗ ಕೈ ಮುಗಿದರು.

ತಿಗಳರಪೇಟೆ ಹುಡುಗ

ಅಕ್ಕ, ಮುಂದಿನ ಕರಗಕ್ಕೆ ತಾತನನ್ನು ಕರೆದುಕೊಂಡು ಬನ್ನಿ. ಆ ರಾತ್ರಿ ನಮ್ಮ ಮನೆಯಲ್ಲಿ ಎಲ್ಲರಿಗೂ ಮಜ್ಜಿಗೆ ಪಾನಕ ಇರುತ್ತದೆ. ಗುಡಿ ಹತ್ತಿರವೇ ಮನೆ.

ಜಯನಗರ ಫೋರ್ತ್ ಬ್ಲಾಕ್

ಕರ್ಚೀಫ್ ಉಪಾಯ ನಾನು ಇವತ್ತೇ ಮಾಡಿ ನೋಡುತ್ತೇನೆ. ಹತ್ತು ವರ್ಷದ ಮೇಲಾಯಿತು, ನನಗೆ ಇದು ಹೊಳೆದಿರಲಿಲ್ಲ. ತಾತನಿಗೆ ನನ್ನ ನಮಸ್ಕಾರ ತಿಳಿಸಿ.

ಗವಿಪುರದ ಅಮ್ಮ

ಖಂಡಿತ ಬರುತ್ತೇವೆ ತಮ್ಮ. ಜಯನಗರದವರೇ, ಒಂದು ಕೊನೇ ಪ್ರಶ್ನೆ. ಮುಂದೆ ಬೆಂಕಿ ಬೆಟ್ಟಕ್ಕೆ ಹೋಗಬೇಕಂತೆ. ಗುರಾಣಿ ಒಡೆದಿದೆ. ಮತ್ತೆ ಮರದ್ದೇ ತಗೊಳ್ಳಲಾ?

ಜಯನಗರ ಫೋರ್ತ್ ಬ್ಲಾಕ್

ಬೇಡ, ಎಲ್ಡಿನ್ ಬೆಟ್ಟದಲ್ಲಿ ಬೆಂಕಿ ತಗುಲಿದರೆ ಮರದ್ದು ಸುಟ್ಟುಹೋಗುತ್ತದೆ. ಲಿಂಕ್‌ನ ಊರು ಸ್ಕೈಲಾಫ್ಟ್‌ನ ಬಜಾರಿಗೆ ಹೋಗಿ ಕಬ್ಬಿಣದ್ದು ತಗೊಳ್ಳಿ. ಮುಂದೆ ಕರೆಂಟ್ ಹೊಡೆಯುವ ಶತ್ರುಗಳು ಬಂದಾಗ ಮಾತ್ರ ಅದನ್ನು ಮುಂದೆ ಹಿಡಿಯಬೇಡಿ. ಇನ್ನೊಂದು ವಿಷಯ, ಗುರಾಣಿಯನ್ನು ಸುಮ್ನೆ ಹಿಡಿದು ನಿಂತರೆ ಸವೆಯುತ್ತದೆ. ಏಟು ಬೀಳುವ ಕ್ಷಣಕ್ಕೆ ಸರಿಯಾಗಿ ಎಡಗೈ ಮುಂದೆ ತಳ್ಳಿದರೆ ಸವೆಯುವುದಿಲ್ಲ, ಹೊಡೆದವನೇ ಹಿಂದಕ್ಕೆ ಹೋಗುತ್ತಾನೆ. ಆ ಎಡಗೈ ವರಸೆಯನ್ನೂ ತಾತನ ಹತ್ತಿರ ಕೇಳಿ ನೋಡಿ.